ಅಶೋಕಪುತ್ರಿ ಸಂಘಮಿತ್ರೆ

ಭರತಖಂಡದ ಪ್ರಾಚೀನ ಚರಿತ್ರೆಯನ್ನು ಓದುವವರಿಗೆ ರಾಜಾಧಿರಾಜರ ಹೆಸರುಗಳು ಎಷ್ಟೋ ದೊರೆಯುವುವು. ಅವರ ಹೆಣ್ಣು ಮಕ್ಕಳ ಹೆಸರುಗಳು ದೊರೆಯುವುದು ಅಪೂರ್ವ. ದೊರೆತರೂ, ಇಂಥ ಅರಸನ ಮಗಳನ್ನು ಇಂಥ ಅರಸನಿಗೆ ಕೊಟ್ಟು ವಿವಾಹ ಮಾಡಿದರೆಂಬ ಒಂದು ಮಾತಿನಲ್ಲಿಯೇ ಅವರ ಕಥೆ ಮುಗಿದುಹೋಗುವುದು. ಇದಕ್ಕೆ ಹೊರತಾಗಿ, ತನ್ನ ವಿದ್ಯೆಯಿಂದಲೂ ಶೀಲದಿಂದಲೂ ಪರದೇಶದ ಸ್ತ್ರೀಯರಿಗೆ ಗುರುವಾಗಿ, ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆಯೂ ವರ್ಷಂಪ್ರತಿ ಭಕ್ತಿಯಿಂದ ಸ್ಮರಿಸಲ್ಪಡುವ ರಾಜಕುಮಾರಿಯೊಬ್ಬಳು ಇರುವಳು. ಆಕೆಯೇ ಮೌರ್ಯ ಚಕ್ರವರ್ತಿಯಾದ ಅಶೋಕನ ಮಗಳು ಸಂಘಮಿತ್ರೆ. ಹೆಣ್ಣು ಮಕ್ಕಳ ವಿದ್ಯಾಭ್ಯಾಸಕ್ಕಾಗಿ ನಡೆಯುವ ಶಾಲೆಯ ಸ್ಮರಣಸಂಚಿಕೆಯಲ್ಲಿ ಆಕೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಅನುಚಿತವಾಗಲಾರದೆಂದು ನಂಬಿ ಇದನ್ನು ಬರೆಯಲಾಗಿದೆ.

ಆಕೆಯ ವೃತ್ತಾಂತವು ಮುಖ್ಯವಾಗಿ ತಿಳಿದುಬರುವುದು ಸಿಂಹಳದ್ವೀಪದಲ್ಲಿ ಪಾಲಿ ಭಾಷೆಯಲ್ಲಿ ರಚಿತವಾದ ದೀಪವಂಶ, ಮಹಾವಂಶ ಎಂಬ ಎರಡು ವಂಶಚರಿತ್ರೆಗಳಿಂದ. ಇವು ಕ್ರಿ.ಶ. 4 ಮತ್ತು 5ನೆಯ ಶತಮಾನಗಳ ಸುಮಾರಿಗೆ, ಎಂದರೆ ಆಕೆಯ ಕಾಲಕ್ಕೆ ಆರೇಳು ನೂರು ವರ್ಷಗಳ ತರುವಾಯ ಈಗಿನ ರೂಪವನ್ನು ಪಡೆದವು. ಅಶೋಕನ ಶಿಲಾಶಾಸನಗಳಲ್ಲಿ ಆಕೆಯ ಹೆಸರು ಇಲ್ಲ. ಆದುದರಿಂದ ಕೆಲವು ಚರಿತ್ರಕಾರರು ಈ ಕಥೆಯ ವಿವರಗಳಲ್ಲಿ ಸಂದೇಹಪಟ್ಟಿರುವರು. ಆದರೂ ಆ ಶಾಸನಗಳು ಈ ಕಥೆಗೆ ಹಿನ್ನೆಲೆಯನ್ನು ಒದಗಿಸುತ್ತವೆ. ಭಿಕ್ಷುಗಳು ಮಾತ್ರವಲ್ಲದೆ ಭಿಕ್ಷುಣಿಯರೂ ಧರ್ಮಗ್ರಂಥಗಳನ್ನು ಪದೇ ಪದೇ ಕೇಳಿ ಮನನಮಾಡಬೇಕೆಂದು ಅಶೋಕನು ರಾಜಸ್ಥಾನದ ಬೈರಾಟದ ಶಾಸನದಲ್ಲಿ ಬರೆಯಿಸಿರುವನು. ತಾಮ್ರಪರ್ಣಿಯೆಂಬ ಹೆಸರಿನಿಂದ ಲಂಕೆಯನ್ನೂ ತನ್ನ ಶಾಸನಗಳಲ್ಲಿ ಸ್ಮರಿಸಿರುವನು. ವಂಶಚರಿತ್ರೆಗಳಲ್ಲಿರುವ ಪವಾಡಗಳನ್ನು ಬದಿಗಿರಿಸಿ, ಉಳಿದ ಸಂಗತಿಗಳನ್ನು ಅವುಗಳಲ್ಲಿ ಹೇಳಿರುವ ಮೇರೆಗೆ ಇಲ್ಲಿ ಕೊಡಲಾಗಿದೆ.

ಸಂಘಮಿತ್ರೆಯು ಸಮುದ್ರವನ್ನು ದಾಟಿ ಕೊಂಡೊಯ್ದುದು ಏನೆಂಬುದು ತಿಳಿಯಬೇಕಾದರೆ ಮೊದಲು ಬುದ್ಧನ ಬೋಧೆಯನ್ನು ಕುರಿತು ಕೆಲವು ಮಾತುಗಳನ್ನು ಹೇಳುವುದು ಅಗತ್ಯ. ಶಾಕ್ಯವಂಶದ ರಾಜಕುಮಾರನಾದ ಸಿದ್ಧಾರ್ಥ ಗೌತಮನು ಮುಪ್ಪು, ರೋಗ, ಮರಣಗಳನ್ನು ಕಂಡು ವ್ಯಥೆಪಟ್ಟು, 29ನೆಯ ವಯಸ್ಸಿನಲ್ಲಿ ಅರಮನೆಯನ್ನೂ ಹೆಂಡತಿ ಮಗುವನ್ನೂ ಬಿಟ್ಟು ಹೊರಟನು. ಆರು ವರ್ಷಗಳ ಕಠಿಣ ತಪಸ್ಸಿನಿಂದ ಪ್ರಯೋಜನವಿಲ್ಲವೆಂದು ತಿಳಿದು, ಗಯೆಯ ಬಳಿ ಒಂದು ಅರಳಿಮರದ ಕೆಳಗೆ ಧ್ಯಾನಮಗ್ನನಾಗಿ ಕುಳಿತು ಜ್ಞಾನೋದಯವನ್ನು ಪಡೆದನು. ಅಂದಿನಿಂದ ಆತನು ಬುದ್ಧನೆಂದೂ ಆ ಮರವು ಬೋಧಿವೃಕ್ಷವೆಂದೂ ಹೆಸರಾದುವು. ಕಾಶಿಯ ಸಮೀಪದ ಸಾರನಾಥದಲ್ಲಿ ಆತನು ಮೊದಲು ಉಪದೇಶಿಸಿದುದು ನಾಲ್ಕು ಆರ್ಯಸತ್ಯಗಳನ್ನು. ಜೀವನವು ದುಃಖದಿಂದ ಕೂಡಿದೆಯೆಂಬುದು ಮೊದಲನೆಯದು. ಆ ದುಃಖಕ್ಕೆ ತೃಷ್ಣೆಯೇ, ಎಂದರೆ ಎಂದಿಗೂ ತೀರದ ಆಸೆಯೇ ಕಾರಣವೆಂಬುದು ಎರಡನೆಯದು. ತೃಷ್ಣೆಯು ಅಳಿದರೆ ದುಃಖವೂ ಅಳಿಯುವುದು, ಆ ಶಾಂತಿಯೇ ನಿರ್ವಾಣ ಎಂಬುದು ಮೂರನೆಯದು. ಅದನ್ನು ಪಡೆಯುವುದಕ್ಕೆ ಒಂದು ಮಾರ್ಗವುಂಟೆಂಬುದು ನಾಲ್ಕನೆಯದು. ವೈದ್ಯನು ರೋಗವನ್ನೂ, ಅದರ ಕಾರಣವನ್ನೂ, ಗುಣವಾಗುವ ಸಾಧ್ಯತೆಯನ್ನೂ, ಔಷಧವನ್ನೂ ಕ್ರಮವಾಗಿ ತಿಳಿಸುವಂತೆ ಈ ಉಪದೇಶದ ಕ್ರಮವಿದೆ.

ಆ ಮಾರ್ಗಕ್ಕೆ ಎಂಟು ಅಂಗಗಳು. ಸರಿಯಾದ ದೃಷ್ಟಿ, ಸರಿಯಾದ ಸಂಕಲ್ಪ, ಸರಿಯಾದ ಮಾತು, ಸರಿಯಾದ ನಡತೆ, ಸರಿಯಾದ ಜೀವನೋಪಾಯ, ಸರಿಯಾದ ಪ್ರಯತ್ನ, ಸರಿಯಾದ ಎಚ್ಚರ, ಸರಿಯಾದ ಏಕಾಗ್ರತೆ ಇವೇ ಅವು. ಭೋಗದ ಅತಿರೇಕವೂ ದೇಹದಂಡನೆಯ ಅತಿರೇಕವೂ ಬೇಡವೆಂಬ ಕಾರಣದಿಂದ ಇದನ್ನು ಮಧ್ಯಮಮಾರ್ಗವೆಂದು ಕರೆಯುವರು. ಲೋಕದಲ್ಲಿರುವುದೆಲ್ಲವೂ ಅನಿತ್ಯ, ಒಂದು ಇನ್ನೊಂದನ್ನು ಆಶ್ರಯಿಸಿಯೇ ಹುಟ್ಟುವುದು, ಬದಲಾಗದ ನಾನು ಎಂಬುದು ಎಲ್ಲಿಯೂ ಇಲ್ಲ ಎಂಬುದು ಈ ಬೋಧೆಯ ತಿರುಳು. ಗೃಹಸ್ಥರು ಕೊಲ್ಲದಿರುವುದು, ಕದಿಯದಿರುವುದು, ವ್ಯಭಿಚರಿಸದಿರುವುದು, ಸುಳ್ಳಾಡದಿರುವುದು, ಮದ್ಯವನ್ನು ಮುಟ್ಟದಿರುವುದು ಎಂಬ ಪಂಚಶೀಲಗಳನ್ನು ಪಾಲಿಸಬೇಕು. ಬುದ್ಧ, ಧರ್ಮ, ಸಂಘ ಎಂಬ ಮೂರು ರತ್ನಗಳಿಗೆ ಶರಣುಹೋಗುವವರೆಲ್ಲರೂ ಬೌದ್ಧರೆನಿಸಿಕೊಳ್ಳುವರು. ಇವುಗಳಲ್ಲಿ ಸಂಘವೆಂದರೆ ಮನೆಮಾರುಗಳನ್ನು ತೊರೆದು ನಿಯಮಬದ್ಧರಾಗಿ ಬಾಳುವ ಸಂನ್ಯಾಸಿಗಳ ಸಮುದಾಯ.

ಈ ಸಂಘವು ಮೊದಲು ಪುರುಷರಿಗೆ ಮಾತ್ರ ತೆರೆದಿತ್ತು. ಬುದ್ಧನ ತಾಯಿಯಾದ ಮಾಯಾದೇವಿಯು ಆತನನ್ನು ಹೆತ್ತ ಏಳನೆಯ ದಿನವೇ ತೀರಿಕೊಂಡಿದ್ದಳು. ಆತನನ್ನು ಎತ್ತಿ ಸಾಕಿದವಳು ಚಿಕ್ಕತಾಯಿಯಾದ ಮಹಾಪ್ರಜಾಪತಿ ಗೌತಮಿ. ಪತಿವಿಯೋಗದ ಬಳಿಕ ಆ ವೃದ್ಧಮಾತೆಯು ಸಂಘಕ್ಕೆ ಸೇರಲು ಅನುಮತಿಯನ್ನು ಮೂರು ಸಲ ಬೇಡಿದಳು. ಮೂರು ಸಲವೂ ಬುದ್ಧನು ಒಪ್ಪಲಿಲ್ಲ. ಆಕೆಯು ಹಿಂಜರಿಯದೆ, ಕೂದಲನ್ನು ಕತ್ತರಿಸಿಕೊಂಡು ಕಾಷಾಯವನ್ನುಟ್ಟು, ಶಾಕ್ಯಸ್ತ್ರೀಯರ ಗುಂಪಿನೊಡನೆ ವೈಶಾಲಿಯವರೆಗೆ ಬರಿಗಾಲಿನಲ್ಲಿ ನಡೆದುಹೋಗಿ, ಊದಿದ ಪಾದಗಳಿಂದ ವಿಹಾರದ ಬಾಗಿಲಲ್ಲಿ ನಿಂತಳು. ಶಿಷ್ಯನಾದ ಆನಂದನು ಆಕೆಯ ಪರವಾಗಿ ಮಾತನಾಡಿ, ನಿರ್ವಾಣವನ್ನು ಪಡೆಯಲು ಸ್ತ್ರೀಯರೂ ಸಮರ್ಥರೇ ಅಲ್ಲವೇ ಎಂದು ಬುದ್ಧನನ್ನು ಕೇಳಿದನು. ಸಮರ್ಥರೆಂದು ಬುದ್ಧನು ಒಪ್ಪಿಕೊಂಡುದರಿಂದ, ಎಂಟು ವಿಶೇಷ ನಿಯಮಗಳೊಡನೆ ಭಿಕ್ಷುಣಿಸಂಘವು ಸ್ಥಾಪಿತವಾಯಿತು. ಆ ನಿಯಮಗಳು ಭಿಕ್ಷುಣಿಯರನ್ನು ಭಿಕ್ಷುಗಳಿಗಿಂತ ಕೆಳಗಿನ ಸ್ಥಾನದಲ್ಲಿರಿಸಿದುವು. ಅವುಗಳಲ್ಲಿ ಒಂದರಂತೆ, ಸ್ತ್ರೀಯು ಪೂರ್ಣ ದೀಕ್ಷೆಯನ್ನು ಪಡೆಯಬೇಕಾದರೆ ಭಿಕ್ಷುಣಿಯರ ಸಂಘದಿಂದಲೂ ಭಿಕ್ಷುಗಳ ಸಂಘದಿಂದಲೂ ಪಡೆಯಬೇಕು. ಈ ಒಂದು ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಸಂಗತಿಗಳೆಲ್ಲವೂ ಅದರಿಂದಲೇ ಹುಟ್ಟಿದುವು.

ಬುದ್ಧನ ಪರಿನಿರ್ವಾಣವಾಗಿ ಬಹುಕಾಲ ಕಳೆದ ಮೇಲೆ, ಕ್ರಿ.ಪೂ. 3ನೆಯ ಶತಮಾನದಲ್ಲಿ, ಮೌರ್ಯವಂಶದ ಬಿಂದುಸಾರನ ಮಗನಾದ ಅಶೋಕನು ಅವಂತಿದೇಶಕ್ಕೆ ಅಧಿಕಾರಿಯಾಗಿ ಉಜ್ಜಯಿನಿಗೆ ಹೋಗುತ್ತ, ದಾರಿಯಲ್ಲಿ ವಿದಿಶಾನಗರದಲ್ಲಿ ತಂಗಿದನು. ಅಲ್ಲಿಯ ಒಬ್ಬ ಶ್ರೇಷ್ಠಿಯ ಮಗಳಾದ ದೇವಿಯೆಂಬವಳನ್ನು ಕಂಡು ಮೆಚ್ಚಿ ವಿವಾಹವಾದನು. ಅವರಿಗೆ ಮೊದಲು ಮಹೇಂದ್ರನೂ, ಎರಡು ವರ್ಷಗಳ ತರುವಾಯ ಸಂಘಮಿತ್ರೆಯೂ ಹುಟ್ಟಿದರು. ಅಶೋಕನು ಪಾಟಲೀಪುತ್ರದ ಸಿಂಹಾಸನವನ್ನೇರಿದಾಗ ಮಕ್ಕಳು ತಂದೆಯ ಬಳಿಗೆ ಬಂದರು. ದೇವಿಯು ಮಾತ್ರ ವಿದಿಶೆಯಲ್ಲಿಯೇ ಉಳಿದಳು. ಇಂದು ಪ್ರಸಿದ್ಧವಾಗಿರುವ ಸಾಂಚಿಯ ಸ್ತೂಪಗಳು ಆ ವಿದಿಶೆಯ ಹತ್ತಿರದ ಬೆಟ್ಟದ ಮೇಲೆಯೇ ಇರುವುವು.

ಅಂದಿನ ಪದ್ಧತಿಯಂತೆ ಸಂಘಮಿತ್ರೆಗೆ ಎಳೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಆಕೆಯ ಗಂಡನು ಅಶೋಕನ ಸೋದರಳಿಯನಾದ ಅಗ್ನಿಬ್ರಹ್ಮನು. ಅವರಿಗೆ ಸುಮನನೆಂಬ ಒಬ್ಬ ಮಗನು ಹುಟ್ಟಿದನು. ಆದರೆ ಅಶೋಕನ ಪಟ್ಟಾಭಿಷೇಕದ 4ನೆಯ ವರ್ಷದಲ್ಲಿ ಅಗ್ನಿಬ್ರಹ್ಮನು ಸಂಸಾರವನ್ನು ತೊರೆದು ಭಿಕ್ಷುವಾದನು. ಎರಡು ವರ್ಷಗಳ ಬಳಿಕ, ಅಪಾರವಾದ ದಾನಗಳನ್ನು ಮಾಡಿದ್ದ ಅಶೋಕನು, ಧರ್ಮಕ್ಕೆ ತನ್ನಂಥ ಬಂಧುವು ಬೇರೊಬ್ಬನಿರುವನೇ ಎಂದು ಮೊಗ್ಗಲಿಪುತ್ತ ತಿಸ್ಸ ಸ್ಥವಿರನನ್ನು ಕೇಳಿದನಂತೆ. ಧನವನ್ನು ಕೊಡುವವನು ದಾನಿ ಮಾತ್ರ. ತನ್ನ ಮಗನನ್ನೋ ಮಗಳನ್ನೋ ಸಂಘಕ್ಕೆ ಕೊಡುವವನೇ ಧರ್ಮದ ಬಂಧು ಎಂದು ಸ್ಥವಿರನು ಉತ್ತರಿಸಿದನು. ಆಗ ಅರಸನು ಪಕ್ಕದಲ್ಲಿ ನಿಂತಿದ್ದ ಮಕ್ಕಳಿಬ್ಬರ ಕಡೆಗೆ ತಿರುಗಿ ಅವರ ಇಷ್ಟವನ್ನು ವಿಚಾರಿಸಲು, ಇಬ್ಬರೂ ಸಂತೋಷದಿಂದ ಒಪ್ಪಿದರು. ಮಹೇಂದ್ರನಿಗೆ ಆಗ 20 ವರ್ಷ, ಸಂಘಮಿತ್ರೆಗೆ 18. ಧರ್ಮಪಾಲಾ ಎಂಬ ಭಿಕ್ಷುಣಿಯು ಆಕೆಗೆ ಉಪಾಧ್ಯಾಯಿನಿಯಾಗಿಯೂ ಆಯುಪಾಲಾ ಎಂಬವಳು ಆಚಾರ್ಯೆಯಾಗಿಯೂ ಇದ್ದರೆಂದು ಮಹಾವಂಶವು ಹೇಳುತ್ತದೆ. ಚಕ್ರವರ್ತಿಯ ಮಗಳಿಗೆ ಕಲಿಸುವಷ್ಟು ಪಾಂಡಿತ್ಯವುಳ್ಳ ಸ್ತ್ರೀಯರು ಆ ಕಾಲದಲ್ಲಿ ಇದ್ದರೆಂಬುದೂ, ಅವರ ಹೆಸರುಗಳನ್ನು ಬರೆದಿಡುವುದು ಅಗತ್ಯವೆಂದು ತೋರಿತೆಂಬುದೂ ಗಮನಿಸತಕ್ಕ ಸಂಗತಿಗಳು.

ಅನಂತರ ಬೌದ್ಧಸಂಘವು ನಾನಾ ದೇಶಗಳಿಗೆ ಧರ್ಮೋಪದೇಶಕರನ್ನು ಕಳುಹಿಸಿತು. ಕಾಶ್ಮೀರ, ಗಾಂಧಾರ, ಹಿಮವತ್ಪ್ರದೇಶ, ಸುವರ್ಣಭೂಮಿ ಮೊದಲಾದ ಹೆಸರುಗಳೊಡನೆ ಮಹಿಷಮಂಡಲ, ವನವಾಸಿ ಎಂಬ ಎರಡು ಹೆಸರುಗಳೂ ಆ ಪಟ್ಟಿಯಲ್ಲಿ ಇರುವುವು. ಮಹಿಷಮಂಡಲವೆಂದರೆ ಮೈಸೂರು ಪ್ರಾಂತವೆಂದೂ, ವನವಾಸಿಯೆಂದರೆ ನಮ್ಮ ಬನವಾಸಿಯೆಂದೂ ಅನೇಕ ಪಂಡಿತರ ಅಭಿಪ್ರಾಯ. ಅಶೋಕನ ಮಾತು ಕನ್ನಡ ನಾಡನ್ನು ಮುಟ್ಟಿತೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣಗಳೂ ಇವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಸುತ್ತಿನಲ್ಲಿ ಆತನ ಶಾಸನಗಳನ್ನು ಕಂಡುಹಿಡಿದರು. 1915ರಲ್ಲಿ ದೊರೆತ ಮಸ್ಕಿಯ ಶಾಸನದಲ್ಲಿ ಅಶೋಕನೆಂಬ ಹೆಸರೇ ಸ್ಪಷ್ಟವಾಗಿ ಕೆತ್ತಲ್ಪಟ್ಟಿದೆ. 20ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ನಡೆದ ಉತ್ಖನನದಲ್ಲಿ, ಆತನ ಹೆಸರನ್ನು ಬರೆದು ಆತನ ಮೂರ್ತಿಯನ್ನು ಕೆತ್ತಿದ ಶಿಲಾಫಲಕವೊಂದು ದೊರೆಯಿತು.

ಲಂಕಾದ್ವೀಪಕ್ಕೆ ಹೋದವನು ಮಹೇಂದ್ರನು. ಆತನ ಸಂಗಡ ಹೋದ ಚಿಕ್ಕ ಗುಂಪಿನಲ್ಲಿ ಸಂಘಮಿತ್ರೆಯ ಮಗನೂ ಬಾಲಸಂನ್ಯಾಸಿಯೂ ಆದ ಸುಮನನು ಇದ್ದನು. ಮಿಹಿಂತಲೆಯ ಬೆಟ್ಟದಲ್ಲಿ ಬೇಟೆಯಾಡುತ್ತಿದ್ದ ದೇವಾನಾಂಪ್ರಿಯ ತಿಷ್ಯ ಮಹಾರಾಜನು ಮಹೇಂದ್ರನನ್ನು ಸಂಧಿಸಿ, ಆತನ ಬೋಧೆಯನ್ನು ಕೇಳಿ ಧರ್ಮವನ್ನು ಸ್ವೀಕರಿಸಿದನು. ರಾಜಧಾನಿಯಾದ ಅನುರಾಧಪುರದಲ್ಲಿ ಉಪದೇಶಗಳು ನಡೆದುವು. ಕೇಳಲು ಬಂದವರಲ್ಲಿ ಅರಮನೆಯ ಸ್ತ್ರೀಯರೇ ಮುಂದಾಗಿದ್ದರು. ಅರಸನ ತಮ್ಮನಾದ ಉಪರಾಜ ಮಹಾನಾಗನ ಹೆಂಡತಿ ಅನುಲಾದೇವಿಯು, ತನ್ನೊಡನೆ ಐನೂರು ಮಂದಿ ಸ್ತ್ರೀಯರು ದೀಕ್ಷೆಯನ್ನು ಬಯಸುತ್ತಿರುವರೆಂದು ಅರಸನಿಗೆ ಅರಿಕೆ ಮಾಡಿಕೊಂಡಳು.

ಆದರೆ ಅದನ್ನು ನೆರವೇರಿಸಲು ಮಹೇಂದ್ರನಿಗೆ ಅಧಿಕಾರವಿರಲಿಲ್ಲ. ಸ್ತ್ರೀಯರಿಗೆ ಮೊದಲು ದೀಕ್ಷೆಯನ್ನು ಕೊಡಬೇಕಾದವರು ಭಿಕ್ಷುಣಿಯರು. ಲಂಕೆಯಲ್ಲಿ ಒಬ್ಬ ಭಿಕ್ಷುಣಿಯೂ ಇರಲಿಲ್ಲ. ಪಾಟಲೀಪುತ್ರದಲ್ಲಿ ವಿದ್ಯಾಸಂಪನ್ನೆಯಾದ ತನ್ನ ತಂಗಿಯಿರುವಳೆಂದೂ, ಬುದ್ಧನು ಜ್ಞಾನವನ್ನು ಪಡೆದ ಬೋಧಿವೃಕ್ಷದ ದಕ್ಷಿಣ ಶಾಖೆಯೊಡನೆ ಆಕೆಯನ್ನು ಕಳುಹಿಸಿಕೊಡುವಂತೆ ತನ್ನ ತಂದೆಯನ್ನು ಕೇಳಿಕೊಳ್ಳಬೇಕೆಂದೂ ಮಹೇಂದ್ರನು ಅರಸನಿಗೆ ತಿಳಿಸಿದನು. ಅರಸನ ಸೋದರಳಿಯನೂ ಮಂತ್ರಿಯೂ ಆದ ಅರಿಷ್ಟನು ರಾಯಭಾರಿಯಾಗಿ ಹೊರಟನು. ಅಲ್ಲಿಯವರೆಗೆ ಅನುಲಾದೇವಿಯು ತನ್ನ ಸಂಗಡಿಗರೊಡನೆ ದಶಶೀಲಗಳನ್ನು ಸ್ವೀಕರಿಸಿ, ಕಾಷಾಯವನ್ನುಟ್ಟು, ನಗರದ ಒಂದು ಪಕ್ಕದಲ್ಲಿ ಕಟ್ಟಿಸಿದ ಆಶ್ರಮದಲ್ಲಿ ಗುರುವಿನ ದಾರಿಯನ್ನು ನೋಡುತ್ತಿದ್ದಳು.

ಈ ಸಂದೇಶವು ಅಶೋಕನಿಗೆ ಮುಟ್ಟಿದಾಗ ಚಕ್ರವರ್ತಿಯ ಧೈರ್ಯವು ಕುಂದಿತು. ಮಗನು ಹೋದನು, ಮೊಮ್ಮಗನು ಹೋದನು, ಈಗ ಮಗಳನ್ನೂ ಕಳುಹಿಸಿಬಿಟ್ಟರೆ ತನ್ನ ದುಃಖವನ್ನು ಯಾರ ಮುಖವನ್ನು ನೋಡಿ ಮರೆಯಲಿ ಎಂದು ಆತನು ಕೊರಗಿದನು. ಮಕ್ಕಳನ್ನು ಧರ್ಮಕ್ಕೆ ಒಪ್ಪಿಸಿದುದು ಸಭೆಯಲ್ಲಿ ಆಡಿದ ಮಾತು. ಅವರನ್ನು ಮರಳಿ ಕಾಣದ ದೂರಕ್ಕೆ ಅಗಲುವುದು ಮನೆಯೊಳಗಿನ ಸಂಕಟ. ಸಂಘಮಿತ್ರೆಯು ತಂದೆಯನ್ನು ಸಮಾಧಾನಪಡಿಸುತ್ತ, ಅಣ್ಣನ ಮಾತು ತನಗೆ ಗೌರವಾರ್ಹವೆಂದೂ, ದೀಕ್ಷೆಗಾಗಿ ಕಾದಿರುವ ಸ್ತ್ರೀಯರು ಅನೇಕರಿರುವರೆಂದೂ, ಆದುದರಿಂದ ತಾನು ಹೋಗಲೇಬೇಕೆಂದೂ ವಿನಯದಿಂದ ಹೇಳಿದಳು. ಆಗ ಆಕೆಯ ವಯಸ್ಸು ಸುಮಾರು ಮೂವತ್ತು. ತಂದೆಯ ಮೇಲಣ ಪ್ರೀತಿಯು ಆಕೆಗೆ ಕಡಿಮೆಯಾಗಿತ್ತೆಂದು ಯಾರೂ ಭಾವಿಸಬಾರದು. ತಾನು ಕಲಿತುದು ತನಗಾಗಿ ಮಾತ್ರವಲ್ಲವೆಂಬುದನ್ನು ಆಕೆಯು ಅರಿತಿದ್ದಳು. ಅಶೋಕನೂ ಅದನ್ನು ಅರಿತು, ಕೊನೆಗೆ ಒಪ್ಪಿಗೆಯನ್ನಿತ್ತನು.

ಬೋಧಿವೃಕ್ಷದ ಶಾಖೆಯನ್ನು ಚಿನ್ನದ ಕುಂಡದಲ್ಲಿ ನೆಟ್ಟು, ಹನ್ನೊಂದು ಮಂದಿ ಭಿಕ್ಷುಣಿಯರೊಡನೆ ಸಂಘಮಿತ್ರೆಯನ್ನು ಗಂಗಾನದಿಯ ಮೇಲೆ ನಾವೆಯಲ್ಲಿ ಕಳುಹಿಸಲಾಯಿತು. ವೃಕ್ಷವನ್ನು ನೋಡಿಕೊಳ್ಳಲು ನೇಮಿಸಲ್ಪಟ್ಟ ಕುಲಗಳವರೂ ಸಂಗಡ ಹೊರಟರು. ಅರಸನು ಭೂಮಾರ್ಗವಾಗಿ ಏಳು ದಿನ ಪ್ರಯಾಣಮಾಡಿ, ಇಂದಿನ ಪಶ್ಚಿಮ ಬಂಗಾಳದಲ್ಲಿರುವ ತಾಮ್ರಲಿಪ್ತಿಯ ರೇವಿನಲ್ಲಿ ಅವರನ್ನು ಕೂಡಿಕೊಂಡನು. ಅಲ್ಲಿ ಆತನು ಕುತ್ತಿಗೆಯವರೆಗೆ ನೀರಿನಲ್ಲಿಳಿದು ಬೋಧಿಶಾಖೆಯನ್ನು ಹಡಗಿಗೆ ಏರಿಸಿದನು. ಹಡಗು ಕಣ್ಣಿಗೆ ಮರೆಯಾಗುವವರೆಗೂ ಕೈಮುಗಿದು ಕಣ್ಣೀರು ಸುರಿಸುತ್ತ ದಡದಲ್ಲಿ ನಿಂತಿದ್ದನು. ಅತ್ತ ಲಂಕೆಯ ಉತ್ತರತೀರದ ಜಂಬುಕೋಲವೆಂಬ ರೇವಿನಲ್ಲಿ ಕಾದಿದ್ದ ತಿಷ್ಯರಾಜನೂ ಹಾಗೆಯೇ ಕುತ್ತಿಗೆಯವರೆಗೆ ನೀರಿನಲ್ಲಿಳಿದು ಅದನ್ನು ಎದುರುಗೊಂಡನು.

ಶಾಖೆಯನ್ನು ಮೆರವಣಿಗೆಯಲ್ಲಿ ಅನುರಾಧಪುರಕ್ಕೆ ತಂದು ಮಹಾಮೇಘವನವೆಂಬ ಉದ್ಯಾನದಲ್ಲಿ ನೆಟ್ಟರು. ಅದರಿಂದ ಹುಟ್ಟಿದ ಎಂಟು ಸಸಿಗಳನ್ನು ಜಂಬುಕೋಲ, ಕತರಗಾಮ ಮೊದಲಾದ ಕಡೆಗಳಲ್ಲಿ ನೆಡಲಾಯಿತು. ಅನುಲಾದೇವಿಯೂ ಆಕೆಯ ಸಂಗಡಿಗರೂ ಸಂಘಮಿತ್ರೆಯಿಂದ ದೀಕ್ಷೆಯನ್ನು ಪಡೆದರು. ಹೀಗೆ ಲಂಕೆಯಲ್ಲಿ ಭಿಕ್ಷುಣಿಸಂಘವು ಆರಂಭವಾಯಿತು. ಅರಸನು ಆಕೆಗಾಗಿ ಹತ್ಥಾಳ್ಹಕವೆಂಬ ವಿಹಾರವನ್ನು ಕಟ್ಟಿಸಿಕೊಟ್ಟನು. ಅಲ್ಲಿ ಆಕೆಯು ತನ್ನ ಉಳಿದ ಆಯುಷ್ಯವನ್ನೆಲ್ಲ ಕಲಿಸುವುದರಲ್ಲಿಯೇ ಕಳೆದಳು. ಅನುರಾಧಪುರದಲ್ಲಿ ವಿನಯಪಿಟಕವನ್ನು ಬೋಧಿಸಿದ ಅನೇಕ ಭಿಕ್ಷುಣಿಯರ ಹೆಸರುಗಳನ್ನು ದೀಪವಂಶವು ಸಾಲಾಗಿ ಕೊಡುತ್ತದೆ. ಈ ಕಾರಣದಿಂದ ಆ ಗ್ರಂಥವು ಭಿಕ್ಷುಣಿಯರ ಕೈಯಲ್ಲಿಯೇ ಬೆಳೆದುಬಂದಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿರುವರು.

ತಿಷ್ಯರಾಜನ ಬಳಿಕ ಆತನ ತಮ್ಮನಾದ ಉತ್ತಿಯನು ಅರಸನಾದನು. ಆತನ ಆಳಿಕೆಯ 8ನೆಯ ವರ್ಷದಲ್ಲಿ ಮಹೇಂದ್ರನೂ, ಅದರ ಮರುವರ್ಷ, ಸಂನ್ಯಾಸಜೀವನದ 59 ವರ್ಷಗಳನ್ನು ಪೂರೈಸಿ ಸಂಘಮಿತ್ರೆಯೂ ಕಾಲವಾದರು. ಬೋಧಿವೃಕ್ಷವು ಕಾಣುವಂಥ ಒಂದು ಸ್ಥಳದಲ್ಲಿ ಆಕೆಯ ದಹನವನ್ನು ನೆರವೇರಿಸಿ, ಅಲ್ಲಿ ಅರಸನು ಸ್ತೂಪವನ್ನು ಕಟ್ಟಿಸಿದನು. ಆಕೆಯು ಹುಟ್ಟಿದ ನಾಡಿಗೆ ಮರಳಿ ಬಂದಳೆಂದು ವಂಶಚರಿತ್ರೆಗಳು ಹೇಳುವುದಿಲ್ಲ.

ಸಂಘಮಿತ್ರೆಯ ಕಥೆಯು ಆಕೆಯ ಮರಣದೊಡನೆ ಮುಗಿಯಲಿಲ್ಲ. ಮಹೇಂದ್ರನೂ ಆಕೆಯೂ ತಂದ ಧರ್ಮವು ಲಂಕೆಯಲ್ಲಿ ಬೇರೂರಿ, ಕ್ರಿ.ಪೂ. 1ನೆಯ ಶತಮಾನದಲ್ಲಿ ಅಲ್ಲಿಯ ಭಿಕ್ಷುಗಳು ಅದುವರೆಗೆ ಬಾಯಿಪಾಠವಾಗಿ ಬಂದಿದ್ದ ತ್ರಿಪಿಟಕವನ್ನು ಪಾಲಿ ಭಾಷೆಯಲ್ಲಿ ಬರೆದಿಟ್ಟರು. ಈ ಪಾಲಿ ಗ್ರಂಥಗಳನ್ನೇ ಆಧಾರವಾಗಿ ಹಿಡಿದ ಸಂಪ್ರದಾಯಕ್ಕೆ ಥೇರವಾದ, ಎಂದರೆ ಸ್ಥವಿರರ ಮತವೆಂದು ಹೆಸರು. ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್, ಕಾಂಬೋಡಿಯಾ, ಲಾವೋಸ್ ದೇಶಗಳಲ್ಲಿ ಇದು ಪ್ರಬಲವಾಗಿದೆ. ಸ್ವಂತ ಸಾಧನೆಯಿಂದ ತೃಷ್ಣೆಯನ್ನು ಜಯಿಸಿ ಅರ್ಹಂತಪದವಿಯನ್ನು ಪಡೆಯುವುದು ಇದರ ಗುರಿ.

ಉತ್ತರದಲ್ಲಿ ಬೆಳೆದುದು ಮಹಾಯಾನ. ತನ್ನೊಬ್ಬನ ಬಿಡುಗಡೆಯಿಂದ ತೃಪ್ತನಾಗದೆ, ಸಕಲ ಜೀವಿಗಳ ಬಿಡುಗಡೆಗಾಗಿ ಮತ್ತೆ ಮತ್ತೆ ಜನ್ಮವೆತ್ತಿ ಸೇವೆಮಾಡುವ ಬೋಧಿಸತ್ತ್ವನೇ ಅದರ ಆದರ್ಶ. ಕರುಣೆ, ಶೂನ್ಯತೆಯ ತತ್ತ್ವ, ಅಮಿತಾಭ ಬುದ್ಧನ ಭಕ್ತಿ, ಧ್ಯಾನಪಂಥ ಮೊದಲಾದ ಹಲವು ಧಾರೆಗಳು ಅದರಲ್ಲಿ ಕೂಡಿ, ಅದು ಚೀನಾ, ಕೊರಿಯಾ, ಜಪಾನ್, ವಿಯಟ್ನಾಂ ದೇಶಗಳಲ್ಲಿ ಹರಡಿತು. ಚೀನಾದಲ್ಲಿಯೂ ಸ್ತ್ರೀಯರು ಸಂನ್ಯಾಸವನ್ನು ಬಯಸಿದರು. ಆದರೆ ಅವರ ದೀಕ್ಷೆಯು ಭಿಕ್ಷುಗಳಿಂದ ಮಾತ್ರವೇ ಆಗಿತ್ತಾದುದರಿಂದ ಅದು ಪೂರ್ಣವೇ ಅಲ್ಲವೇ ಎಂಬ ಶಂಕೆ ಅವರನ್ನು ಬಾಧಿಸುತ್ತಿತ್ತು. ಕ್ರಿ.ಶ. 429ರಲ್ಲಿ ಹಡಗೊಂದರಲ್ಲಿ ಲಂಕೆಯಿಂದ ಭಿಕ್ಷುಣಿಯರು ಇಂದಿನ ನಾನ್‌ಜಿಂಗ್ ನಗರಕ್ಕೆ ಬಂದರು. ದೀಕ್ಷೆಗೆ ಬೇಕಾದ ಹತ್ತು ಮಂದಿಯ ಸಂಖ್ಯೆಯು ಪೂರ್ಣವಾಗಿರಲಿಲ್ಲ. ಅವರು ಚೀನೀ ಭಾಷೆಯನ್ನು ಕಲಿಯುತ್ತ ಕಾದರು. 433ರಲ್ಲಿ ಲಂಕೆಯಿಂದ ಇನ್ನಷ್ಟು ಮಂದಿ ಬಂದು ಸೇರಿದರು. ಅದರ ಮರುವರ್ಷ ಮುನ್ನೂರಕ್ಕೂ ಹೆಚ್ಚು ಚೀನೀ ಸ್ತ್ರೀಯರು ವಿಧಿಪೂರ್ವಕವಾಗಿ ದೀಕ್ಷೆಯನ್ನು ಪಡೆದರು. ಪಾಟಲೀಪುತ್ರದಿಂದ ಅನುರಾಧಪುರಕ್ಕೆ ಬಂದ ದೀಪದಿಂದ ಹೀಗೆ ಚೀನಾದ ದೀಪವೂ ಹೊತ್ತಿಕೊಂಡಿತು.

ಇದು ಎಂಥ ದೂರದ ಪುಣ್ಯವಾಯಿತೆಂಬುದು ಮುಂದೆ ತಿಳಿದುಬಂತು. 10ನೆಯ ಶತಮಾನದ ಕೊನೆಯಲ್ಲಿ ಚೋಳರು ಲಂಕೆಯ ಮೇಲೆ ದಂಡೆತ್ತಿ ಬಂದು ಅನುರಾಧಪುರವನ್ನು ವಶಪಡಿಸಿಕೊಂಡರು. ಯುದ್ಧ, ಲೂಟಿ, ಅರಾಜಕತೆಗಳಲ್ಲಿ ವಿಹಾರಗಳು ಪಾಳುಬಿದ್ದುವು. 1070ರಲ್ಲಿ ಒಂದನೆಯ ವಿಜಯಬಾಹುವು ಚೋಳರನ್ನು ಹೊರದೂಡಿ ರಾಜ್ಯವನ್ನು ಮರಳಿ ಪಡೆದಾಗ, ದೀಕ್ಷಾಕರ್ಮಕ್ಕೆ ಬೇಕಾದಷ್ಟು ಭಿಕ್ಷುಗಳೇ ಉಳಿದಿರಲಿಲ್ಲ. ಆತನು ಬರ್ಮಾದೇಶದಿಂದ ಭಿಕ್ಷುಗಳನ್ನು ಕರೆಯಿಸಿ ಭಿಕ್ಷುಸಂಘವನ್ನು ಪುನಃ ಸ್ಥಾಪಿಸಿದನು. ಭಿಕ್ಷುಣಿಸಂಘಕ್ಕೆ ಅಂಥ ಪುನರುಜ್ಜೀವನವು ದೊರೆಯಲಿಲ್ಲ. ಭಿಕ್ಷುಣಿಯರಿಲ್ಲದೆ ಹೊಸ ಭಿಕ್ಷುಣಿಯರಾಗುವಂತಿಲ್ಲವಾದುದರಿಂದ, ಒಮ್ಮೆ ಕಡಿದ ಹಗ್ಗವನ್ನು ಗಂಟುಹಾಕಲು ದಾರಿಯೇ ಇಲ್ಲದೆ ಹೋಯಿತು. ಸಂಘಮಿತ್ರೆಯು ತಂದ ಮರವು ಅನುರಾಧಪುರದಲ್ಲಿ ಚಿಗುರುತ್ತಲೇ ಇತ್ತು. ಆಕೆಯು ಕಟ್ಟಿದ ಸಂಘವು ಮಾತ್ರ ಅದರ ನೆರಳಿನಲ್ಲಿಯೇ ಅಳಿದುಹೋಯಿತು. ಮುಂದಿನ ಕಾಲದಲ್ಲಿ ಧರ್ಮನಿಷ್ಠರಾದ ಸ್ತ್ರೀಯರು ದಶಶೀಲಗಳನ್ನು ಮಾತ್ರ ಸ್ವೀಕರಿಸಿ, ಅನುಲಾದೇವಿಯು ಕಾದಿದ್ದಂತೆಯೇ, ಪೂರ್ಣ ದೀಕ್ಷೆಯಿಲ್ಲದೆ ಬಾಳಬೇಕಾಯಿತು.

ಸುಮಾರು ಒಂಬೈನೂರು ವರ್ಷಗಳು ಹೀಗೆಯೇ ಕಳೆದುವು. ಆದರೆ ಲಂಕೆಯ ಭಿಕ್ಷುಣಿಯರು ಚೀನಾಕ್ಕೆ ಕೊಟ್ಟ ದೀಕ್ಷೆಯು ಅಲ್ಲಿ ಅಳಿಯದೆ, ಕೊರಿಯಾ, ತೈವಾನ್ ಮೊದಲಾದ ಕಡೆಗಳಲ್ಲಿಯೂ ಬೆಳೆದಿತ್ತು. 1996ರಲ್ಲಿ, ಬುದ್ಧನು ಮೊದಲು ಬೋಧಿಸಿದ ಸಾರನಾಥದಲ್ಲಿ, ಕೊರಿಯಾದ ಭಿಕ್ಷುಣಿಯರ ಸಹಾಯದಿಂದ ಶ್ರೀಲಂಕಾದ ಕೆಲವು ಸ್ತ್ರೀಯರು ಪೂರ್ಣ ದೀಕ್ಷೆಯನ್ನು ಪಡೆದರು. 1998ರಲ್ಲಿ ಬೋಧಗಯೆಯಲ್ಲಿ ಚೀನೀ ಪರಂಪರೆಯ ಭಿಕ್ಷುಣಿಯರ ನೆರವಿನಿಂದ ಇನ್ನೂ ಅನೇಕರಿಗೆ ದೀಕ್ಷೆಯಾಯಿತು. ಅದೇ ವರ್ಷ ಶ್ರೀಲಂಕಾದ ದಂಬುಲ್ಲದಲ್ಲಿಯೇ ದೀಕ್ಷೆಯು ನಡೆಯಿತು. ಕೊಟ್ಟುದು ಕೊಟ್ಟವರ ಮನೆಗೆ ಮರಳಿ ಬಂತು. ಥೇರವಾದದ ಭಿಕ್ಷುಗಳಲ್ಲಿ ಎಲ್ಲರೂ ಇದನ್ನು ಒಪ್ಪಿಕೊಂಡಿಲ್ಲ. ಮಹಾಯಾನದ ದೇಶಗಳಿಂದ ಬಂದ ದೀಕ್ಷೆಯು ತಮ್ಮ ಸಂಪ್ರದಾಯಕ್ಕೆ ಸಲ್ಲುವುದೇ ಎಂದು ಕೆಲವರು ಇಂದಿಗೂ ವಾದಿಸುತ್ತಿರುವರು. ಆದರೂ ಸಂಘಮಿತ್ರೆಯ ನಾಡಿನಲ್ಲಿ ಭಿಕ್ಷುಣಿಯರು ಮತ್ತೆ ಇರುವರು.

ಮೂರನೆಯ ಸಂಪ್ರದಾಯವಾದ ವಜ್ರಯಾನವು ಮಹಾಯಾನದಿಂದಲೇ ಹೊರಟು, ಮಂತ್ರ, ಮಂಡಲ, ಗುರೂಪದೇಶಗಳಿಗೆ ವಿಶೇಷ ಸ್ಥಾನವನ್ನಿತ್ತು, ಟಿಬೆಟ್, ಭೂತಾನ, ಮಂಗೋಲಿಯಾಗಳಲ್ಲಿ ನೆಲೆಸಿತು. ಟಿಬೆಟ್ಟಿನಲ್ಲಿ ಭಿಕ್ಷುಣಿಯರ ಪೂರ್ಣ ದೀಕ್ಷಾಪರಂಪರೆಯು ನೆಲೆಯೂರಲಿಲ್ಲ. ಉನ್ನತ ಶಾಸ್ತ್ರಾಭ್ಯಾಸದ ಪದವಿಗಳೂ ಸ್ತ್ರೀಯರಿಗೆ ದೊರೆಯುತ್ತಿರಲಿಲ್ಲ. ಈ ಸ್ಥಿತಿಯು ಬದಲಾದುದು ನಮ್ಮ ಕನ್ನಡ ನಾಡಿನಲ್ಲಿಯೇ ಎಂಬುದು ಸಂತೋಷದ ಸಂಗತಿ. 2016ರ ಡಿಸೆಂಬರಿನಲ್ಲಿ, ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಟಿಬೆಟಿಯನ್ನರ ದ್ರೆಪುಂಗ್ ಮಠದಲ್ಲಿ, ದಲಾಯಿ ಲಾಮಾ ಅವರು 20 ಮಂದಿ ಸಂನ್ಯಾಸಿನಿಯರಿಗೆ ಗೆಶೆಮಾ ಎಂಬ ಉನ್ನತ ವಿದ್ಯಾಪದವಿಯನ್ನು ಪ್ರದಾನ ಮಾಡಿದರು. 2022ರಲ್ಲಿ ಭೂತಾನದಲ್ಲಿ ನೂರಕ್ಕೂ ಹೆಚ್ಚು ಸಂನ್ಯಾಸಿನಿಯರಿಗೆ ಪೂರ್ಣ ದೀಕ್ಷೆಯನ್ನು ಕೊಡಲಾಯಿತು.

ಅನುರಾಧಪುರದ ಮಹಾಬೋಧಿವೃಕ್ಷವು ಇಂದಿಗೂ ಜೀವಂತವಾಗಿದೆ. ಮನುಷ್ಯರು ನೆಟ್ಟ ಕಾಲವು ಚರಿತ್ರೆಯಲ್ಲಿ ದಾಖಲಾಗಿರುವ ಮರಗಳಲ್ಲಿ ಅದೇ ಅತ್ಯಂತ ಪ್ರಾಚೀನವೆಂದು ಎಣಿಸಲ್ಪಟ್ಟಿದೆ. ಪ್ರತಿ ವರ್ಷ ಡಿಸೆಂಬರಿನ ಹುಣ್ಣಿಮೆಯಂದು ಸಿಂಹಳೀಯರು ಸಂಘಮಿತ್ರೆಯ ಆಗಮನವನ್ನು ಹಬ್ಬವಾಗಿ ಆಚರಿಸುವರು. 1931ರಲ್ಲಿ ಆ ಮರದ ಸಸಿಗಳನ್ನು ಸಾರನಾಥಕ್ಕೆ ತಂದು ನೆಡಲಾಯಿತು. ಮಗಳು ತವರಿನಿಂದ ಕೊಂಡೊಯ್ದುದು ಹೀಗೆ ತವರಿಗೂ ಮರಳಿತು.

ಈ ಚರಿತ್ರೆಯಿಂದ ನಾವು ಗ್ರಹಿಸತಕ್ಕುದೇನು? ವಿದ್ಯೆಯು ಮರದಂತಲ್ಲ. ಮರವನ್ನು ಬೇಲಿ ಕಟ್ಟಿ, ಕಾವಲಿಟ್ಟು, ನೀರೆರೆದು ಒಂದೇ ಸ್ಥಳದಲ್ಲಿ ಎರಡು ಸಾವಿರ ವರ್ಷ ಉಳಿಸಿಕೊಳ್ಳಬಹುದು. ವಿದ್ಯೆಯನ್ನು ಹಾಗೆ ಒಂದೆಡೆಯಲ್ಲಿ ಕಾದಿಡುವುದಾಗದು. ಒಂದು ಯುದ್ಧದಲ್ಲಿ, ಒಂದು ತಲೆಮಾರಿನ ಅಲಕ್ಷ್ಯದಲ್ಲಿ ಅದು ಇಲ್ಲದಂತಾಗುವುದು. ಬೇರೆಯವರಿಗೆ ಕೊಟ್ಟಷ್ಟು ಮಾತ್ರವೇ ಅದು ಉಳಿಯುವುದು. 429ರಲ್ಲಿ ಪರಭಾಷೆಯನ್ನು ಕಲಿಯುತ್ತ ಪರದೇಶದಲ್ಲಿ ಕಾದುಕುಳಿತ ಆ ಭಿಕ್ಷುಣಿಯರಿಗೆ, ತಾವು ತಮ್ಮ ನಾಡಿನ ಹೆಣ್ಣು ಮಕ್ಕಳಿಗಾಗಿಯೇ ಬಿತ್ತುತ್ತಿರುವೆವೆಂಬುದು ತಿಳಿದಿರಲಿಲ್ಲ. ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ಶಾಲೆಯನ್ನು ಬಿಟ್ಟು ನಾನಾ ಊರುಗಳಲ್ಲಿ ಸಂಸಾರವಂದಿಗರಾಗಿಯೋ ಉದ್ಯೋಗಸ್ಥರಾಗಿಯೋ ನೆಲೆಸಿರುವ ನೀವು, ಕಲಿತುದನ್ನು ನೆರೆಮನೆಯ ಒಂದು ಹುಡುಗಿಗೆ ಹೇಳಿಕೊಟ್ಟರೂ ಆ ಕಾರ್ಯವು ವ್ಯರ್ಥವಾಗದು. ತಾಯಿತಂದೆಗಳೇ, ಮಗಳನ್ನು ದೂರದ ವಿದ್ಯೆಗೋ ಸೇವೆಗೋ ಕಳುಹಿಸುವಾಗ ನಿಮ್ಮ ಕಣ್ಣು ತೇವವಾದರೆ ನಾಚಬೇಕಾದುದಿಲ್ಲ. ತಾಮ್ರಲಿಪ್ತಿಯ ದಡದಲ್ಲಿ ಚಕ್ರವರ್ತಿಯ ಕಣ್ಣೂ ತೇವವಾಗಿತ್ತು. ಆದರೂ ಆತನು ಹಡಗನ್ನು ತಡೆಯಲಿಲ್ಲ.